ಸಹಾಯ ಬೇಕು: ಮಗನ ಬೆನ್ನುಮೂಳೆ ಗಡ್ಡೆಗೆ ಆಪರೇಷನ್ನೋ, ಸೂಜಿ ಚಿಕಿತ್ಸೆಯೋ?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮಗನಿಗೆ 14 ವರ್ಷ. 8 ತಿಂಗಳಿಂದ ಬೆನ್ನುನೋವು, ರಾತ್ರಿ ಜಾಸ್ತಿ. ಐಬುಪ್ರೊಫೇನ್ ಕೊಟ್ಟರೆ ಮಾತ್ರ ನಿದ್ದೆ. ಬೆನ್ನು ಒಂದು ಕಡೆ ವಾಲಿದೆ. ಸ್ಕೂಲ್ ಬ್ಯಾಗಿನ ಭಾರ ಅಂತ ಸುಮ್ನೆ ಇದ್ದೆವು, ಈಗ ಅದೇ ಸಂಕಟ. ಸಿಟಿ ಸ್ಕ್ಯಾನ್‌ನಲ್ಲಿ ಸೊಂಟದ ಭಾಗದ ಬೆನ್ನುಮೂಳೆಯಲ್ಲಿ 1 ಸೆಂ.ಮೀ. ಗಡ್ಡೆ ಕಂಡಿದೆ. ಆಸ್ಟಿಯಾಯ್ಡ್ ಆಸ್ಟಿಯೋಮಾ, ಕ್ಯಾನ್ಸರ್ ಅಲ್ಲ ಎಂದರು.

ಒಬ್ಬ ಡಾಕ್ಟರು ಆಪರೇಷನ್ ಮಾಡಿ ತೆಗೆಯೋಣ ಅನ್ನುತ್ತಾರೆ. ಇನ್ನೊಬ್ಬರು ಸೂಜಿ ತೂರಿಸಿ ಬಿಸಿಯಿಂದ ಸುಡುವ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆ ಸಾಕು ಅನ್ನುತ್ತಾರೆ. ಗಡ್ಡೆ ನರದ ಪಕ್ಕದಲ್ಲೇ ಇದೆ, ಬಿಸಿ ತಾಗಿದರೆ ಅನ್ನೋ ಭಯ. ಆಪರೇಷನ್‌ನಲ್ಲಿ ಮೂಳೆ ಜಾಸ್ತಿ ತೆಗೆದರೆ ರಾಡು, ಸ್ಕ್ರೂ ಹಾಕಬೇಕಾಗಬಹುದಂತೆ. ಬೆಳೆಯೋ ಹುಡುಗ ಅಲ್ವಾ?

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತಾ? ಯಾವುದು ಮಾಡಿಸಿದಿರಿ? ವಾಲಿದ ಬೆನ್ನು ನೆಟ್ಟಗಾಯಿತಾ? ಬೆಂಗಳೂರಿನಲ್ಲಿ ಎರಡನ್ನೂ ಮಾಡುವ ಡಾಕ್ಟರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.