ಗೊಬ್ಬರದ ಗೋದಾಮಿನ ಡೇಟಾಬೇಸ್: ಸ್ಟಾಕ್ ತಾಳೆ ಆಗುತ್ತಿಲ್ಲ, ಎಲ್ಲಿ ತಪ್ಪಿದೆ?

ಮುಂಗಾರು_ಹುಡುಗ:
ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರಿನಲ್ಲಿ ನಮ್ಮದು ಗೊಬ್ಬರ, ಬೀಜ, ಔಷಧಿ ಅಂಗಡಿ. ಅಂಗಡಿ ಹಿಂದೆ ಒಂದು ಗೋದಾಮು, ಬೈಪಾಸ್ ಹತ್ತಿರ ಇನ್ನೊಂದು. ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ನಲ್ಲಿ ನಾನೇ ಒಂದು ಸಾಫ್ಟ್‌ವೇರ್ ಮಾಡಿದ್ದೇನೆ. ಐಟಂ ಅಂತ ಒಂದೇ ಟೇಬಲ್, ಅದರಲ್ಲಿ ಸ್ಟಾಕ್ ಅಂತ ಒಂದು ಕಾಲಂ. ಮಾಲು ಬಂದರೆ ಕೂಡಿಸುತ್ತೇನೆ, ಬಿಲ್ ಆದರೆ ಕಳೆಯುತ್ತೇನೆ, ಅಷ್ಟೇ. ಬೇಸಿಗೆಯಲ್ಲಿ ಸರಿಯಾಗಿಯೇ ಇತ್ತು. ಮಳೆ ಬಿದ್ದು ಗೋವಿನಜೋಳದ ಬಿತ್ತನೆ ಶುರುವಾಗಿ ಎರಡೂ ಕೌಂಟರಿನಲ್ಲಿ ಒಟ್ಟಿಗೆ ಬಿಲ್ ಹಾಕತೊಡಗಿದ ಮೇಲೆ ಕೆಟ್ಟಿತು. ನಿನ್ನೆ ರಾತ್ರಿ ಸ್ಕ್ರೀನ್ ಮೇಲೆ ಯೂರಿಯಾ 37 ಚೀಲ. ಟಾರ್ಚ್ ಹಿಡಿದು ನಿಟ್ಟು ಎಣಿಸಿದರೆ 31. ಎರಡು ಸಲ ಎಣಿಸಿದೆವು. ಅಪ್ಪನಿಗೆ ಈಗ ಹಮಾಲರ ಮೇಲೆ ಅನುಮಾನ. ಹದಿನೈದು ವರ್ಷದಿಂದ ನಮ್ಮ ಜೊತೆ ಇರುವವರು, ನನಗೆ ತುಂಬಾ ಸಂಕಟ ಆಗಿದೆ. ದಯವಿಟ್ಟು ಸಹಾಯ ಮಾಡಿ.

ಕಿರ್ದಿ_ಖತಾವಣಿ:
ತಮ್ಮಾ, ಹಮಾಲರನ್ನು ಮೊದಲು ಬಿಡಿ, ತಪ್ಪು ಕೋಡ್‌ನಲ್ಲೇ ಇರಬೇಕು. 40 ಚೀಲ ಇತ್ತು ಅಂದುಕೊಳ್ಳಿ. ಎರಡೂ ಕೌಂಟರ್ ಒಂದೇ ಹೊತ್ತಿಗೆ 40 ಅಂತ ಓದುತ್ತವೆ. ಒಬ್ಬರು ಆರು ಮಾರಿ 34 ಅಂತ ಬರೆಯುತ್ತಾರೆ. ಮರುಕ್ಷಣ ಇನ್ನೊಬ್ಬರು ಮೂರು ಮಾರಿ, ತಾವು ಓದಿದ್ದ 40ರಲ್ಲಿ ಕಳೆದು 37 ಅಂತ ಅದರ ಮೇಲೇ ಬರೆಯುತ್ತಾರೆ. ಆರು ಚೀಲದ ಬಿಲ್ ಅಳಿಸಿಯೇ ಹೋಯಿತು. ಗೋದಾಮಿನಲ್ಲಿ ಉಳಿದದ್ದು 31. ನಿಮ್ಮ ಲೆಕ್ಕವೇ ಅಲ್ವಾ? ಬಿಲ್ ಪುಸ್ತಕ ತೆಗೆದು ಆರು ಚೀಲದ ಬಿಲ್ ಹುಡುಕಿ.

ಆದರೆ ಅದೊಂದನ್ನು ಸರಿ ಮಾಡಿದರೆ ಸಾಲದು. ನಿಮ್ಮ ಅಜ್ಜನ ಕಾಲದ ಕಿರ್ದಿ ಪುಸ್ತಕ ನೆನಪಿಸಿಕೊಳ್ಳಿ. ಅದರಲ್ಲಿ ಯಾರೂ ಬರೆದದ್ದನ್ನು ಅಳಿಸುತ್ತಿರಲಿಲ್ಲ. ಹಾಗೆಯೇ ಮಾಲಿನ ಚಲನೆಗೆ ಅಂತಲೇ ಒಂದು ಕಿರ್ದಿ ಟೇಬಲ್ ಮಾಡಿ: ಹೊತ್ತು, ಐಟಂ, ಬ್ಯಾಚ್, ಗೋದಾಮು, ಪ್ರಮಾಣ, ಕಾರಣ, ಬಿಲ್ ನಂಬರ್, ಯಾರು ಹಾಕಿದ್ದು. ಬಂದದ್ದು ಪ್ಲಸ್, ಹೋದದ್ದು ಮೈನಸ್. ಆ ಟೇಬಲ್‌ನಲ್ಲಿ ಅಪ್‌ಡೇಟ್ ಇಲ್ಲ, ಡಿಲೀಟ್ ಇಲ್ಲ. ತಪ್ಪಾದರೆ ಉಲ್ಟಾ ಎಂಟ್ರಿ ಹಾಕಿ. ಗೋದಾಮಿನಿಂದ ಗೋದಾಮಿಗೆ ಸಾಗಿಸಿದರೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಯಾವುದೂ ಇಲ್ಲ) ಎರಡು ಸಾಲು. ನಿನ್ನೆಯಂತೆ ಎಣಿಸಿದಾಗ ವ್ಯತ್ಯಾಸ ಬಂದರೆ ಅದಕ್ಕೂ ಒಂದು ಸಾಲು, ಕಾರಣದ ಸಮೇತ. ಇವೆಲ್ಲವನ್ನು ಕೂಡಿಸಿದರೆ ಬರುವುದೇ ಶಿಲ್ಕು. ನಿಧಾನ ಅನ್ನಿಸಿದರೆ ಶಿಲ್ಕಿಗೆ ಬೇರೆ ಟೇಬಲ್ ಇಡಿ, ಬಿಲ್ ಹಾಕುವಾಗ ಆ ಸಾಲನ್ನು ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಅಂತ ಹಿಡಿದುಕೊಂಡು ಕಿರ್ದಿ, ಶಿಲ್ಕು ಎರಡನ್ನೂ ಒಟ್ಟಿಗೆ ಬರೆದು ಕಮಿಟ್, ಅಂದರೆ ಖಾಯಂ, ಮಾಡಿ. ಇನ್ನೊಂದು ಕೌಂಟರ್ ಅಲ್ಲಿಯವರೆಗೆ ಕಾಯುತ್ತದೆ.

ಬ್ಯಾಚ್_ನೋಡಿ:
ಮೇಲಿನವರು ಹೇಳಿದ್ದು ಸರಿ. ನಾನು ಅಳತೆ ಬಗ್ಗೆ ಹೇಳುತ್ತೇನೆ. ಒಂದು ಚೀಲ ಅಂದರೆ 50 ಕಿಲೋ ಅಂತ ಎಲ್ಲಿಯೂ ಕೋಡ್‌ನಲ್ಲಿ ಬರೆಯಬೇಡಿ. ಯೂರಿಯಾ ಚೀಲ 2018ರಿಂದ 45 ಕಿಲೋ, ಡಿಎಪಿ ಗೊಬ್ಬರದ್ದು 50. ಪ್ಯಾಕ್ ಅಳತೆ ಐಟಂಗೆ ಅಂಟಿಕೊಂಡಿರಲಿ. ಕಿಲೋ, ಲೀಟರ್‌ಗೆ ಅಂದಾಜಾಗಿ ಸಂಖ್ಯೆ ಇಡುವ ಫ್ಲೋಟ್ ಬೇಡ, ನಿಖರವಾಗಿ ಇಡುವ ಡೆಸಿಮಲ್ ಬಳಸಿ. ಔಷಧಿಗೆ ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಬೇಕೇ ಬೇಕು. ಒಂದೇ ಹೆಸರಿನ ಬಾಟಲಿ ಎರಡು ಬ್ಯಾಚ್ ಆದರೆ ಎರಡು ಶಿಲ್ಕು. ಬಿಲ್ ಮಾಡುವಾಗ ಮೊದಲು ಅವಧಿ ಮುಗಿಯುವ ಬ್ಯಾಚೇ ಮೇಲೆ ಬರಲಿ. ಇಲ್ಲದಿದ್ದರೆ ಹಳೆಯ ಬ್ಯಾಚಿನ ಡಬ್ಬಿಗಳು ಹಿಂದೆಯೇ ಉಳಿದು ಹಾಳಾಗುತ್ತವೆ, ನನಗೆ ಆಗಿದೆ. ಸಬ್ಸಿಡಿ ಗೊಬ್ಬರವನ್ನು ಪಿಓಎಸ್ (ಮಾರಾಟ ದಾಖಲಿಸುವ) ಮಷೀನಿನಲ್ಲೇ ಮಾರಬೇಕಲ್ಲ, ಆ ರಸೀದಿ ನಂಬರನ್ನೂ ಕಿರ್ದಿ ಸಾಲಿನಲ್ಲಿ ಹಾಕಿ.

ಸರ್ವರ್_ರೂಮ್:
ಒಂದೇ ಮಾತು. ಮೈಎಸ್‌ಕ್ಯೂಎಲ್ ಟೇಬಲ್ ಇಡುವ ಬಗೆ (ಎಂಜಿನ್) ಬೇರೆ ಬೇರೆ ಇವೆ. ನಿಮ್ಮ ಟೇಬಲ್ ಮೈಐಸಾಮ್‌ನಲ್ಲಿದ್ದರೆ ಟ್ರಾನ್ಸಾಕ್ಷನ್ ಕೆಲಸವೇ ಮಾಡುವುದಿಲ್ಲ, ಇನ್ನೋಡಿಬಿ ಇದೆಯಾ ನೋಡಿ. ಶಿಲ್ಕು ಸೊನ್ನೆಗಿಂತ ಕೆಳಗೆ ಹೋಗದಂತೆ ಟೇಬಲ್‌ನಲ್ಲೇ ಚೆಕ್ ಅನ್ನುವ ನಿಯಮ ಹಾಕಿ. ಆದರೆ 8.0.16ಕ್ಕಿಂತ ಹಳೆಯ ಮೈಎಸ್‌ಕ್ಯೂಎಲ್ ಚೆಕ್ ಅನ್ನು ಓದಿ ಸುಮ್ನೆ ಬಿಟ್ಟುಬಿಡುತ್ತದೆ, ಎರರ್ ಕೂಡ ಕೊಡುವುದಿಲ್ಲ.

ಮುಂಗಾರು_ಹುಡುಗ:
ಸಿಕ್ಕಿತು! ನಿನ್ನೆ ಸಂಜೆ 6:10ಕ್ಕೆ ಎರಡು ಬಿಲ್, ಒಂದರಲ್ಲಿ ಆರು ಚೀಲ, ಇನ್ನೊಂದರಲ್ಲಿ ಮೂರು. ಪಿಓಎಸ್ ಮಷೀನಿನಲ್ಲೂ 31 ಅಂತಲೇ ಇದೆ, ನಿನ್ನೆ ಗಾಬರಿಯಲ್ಲಿ ಅದನ್ನು ನೋಡಲೇ ಇಲ್ಲ. ಎರಡೂ ಬಿಲ್ ಅಪ್ಪನ ಮುಂದೆ ಇಟ್ಟೆ. ಅವರು ಏನೂ ಹೇಳದೆ ಎದ್ದು ಹೋಗಿ ಹಮಾಲರನ್ನು ಚಹಾಕ್ಕೆ ಕರೆದರು. ಟೇಬಲ್‌ಗಳು ಇನ್ನೋಡಿಬಿಯೇ ಇವೆ. ಮೈಎಸ್‌ಕ್ಯೂಎಲ್ ಮಾತ್ರ 5.7, ಮೊದಲು ಅದನ್ನು ಬದಲಾಯಿಸುತ್ತೇನೆ. ಭಾನುವಾರ ಎರಡೂ ಗೋದಾಮು ಎಣಿಸಿ ಆರಂಭ ಶಿಲ್ಕು ಹಾಕುತ್ತೇವೆ.