ಕಥೆಯಲ್ಲಿ ‘-ವಾಗಿ’, ‘-ದಿಂದ’ ತುಂಬಿಕೊಂಡರೆ: ಯಾವ ಕ್ರಿಯಾವಿಶೇಷಣ ಉಳಿಸಬೇಕು?

ಕರಡುಪ್ರತಿ:
ಕಥೆ ತಿದ್ದುವಾಗ ಕ್ರಿಯಾವಿಶೇಷಣಗಳನ್ನೆಲ್ಲ ಕಿತ್ತುಹಾಕಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಾಗೆ ಮಾಡಿದರೆ ಕೆಲವು ವಾಕ್ಯ ಗಟ್ಟಿಯಾಗುತ್ತವೆ, ಕೆಲವು ಸತ್ತೇಹೋಗುತ್ತವೆ. ‘ಕೋಪದಿಂದ ಬಾಗಿಲು ಹಾಕಿದ’, ‘ಮೆಲ್ಲನೆ ಎದ್ದಳು’. ಮೊದಲನೆಯದು ಸಪ್ಪೆ, ಎರಡನೆಯದರಲ್ಲಿ ತಪ್ಪೇನೂ ಕಾಣುವುದಿಲ್ಲ. ಯಾವುದು ಇರಲಿ, ಯಾವುದು ಬೇಡ ಎಂದು ತೀರ್ಮಾನಿಸುವುದು ಹೇಗೆ?

ಅಲ್ಪವಿರಾಮ:
ಆ ಸಲಹೆ ಇಂಗ್ಲಿಷ್ ಬರವಣಿಗೆಯಿಂದ ಬಂದದ್ದು. ಕನ್ನಡಕ್ಕೆ ಹಾಗೇ ತಂದರೆ ಕೆಡುತ್ತದೆ.

ನಮ್ಮಲ್ಲಿ ಸಪ್ಪೆಯಾಗುವುದು ಬಹುಮಟ್ಟಿಗೆ ಭಾವದ ಹೆಸರಿಗೆ ‘-ದಿಂದ’, ‘-ವಾಗಿ’ ಹಚ್ಚಿದ ಪದಗಳು: ಕೋಪದಿಂದ, ದುಃಖದಿಂದ, ಗಂಭೀರವಾಗಿ. ಇವು ಏನನ್ನೂ ತೋರಿಸದೆ ಬರೀ ಚೀಟಿ ಅಂಟಿಸುತ್ತವೆ. ಗಕ್ಕನೆ, ಸರಕ್ಕನೆ, ದಡದಡ ಇವು ಬೇರೆ ಜಾತಿ. ‘ಗಕ್ಕನೆ ನಿಂತ’ ಎಂದಾಗ ವೇಗ, ತಡೆ, ಮೈಯ ಜೋಲಿ ಎಲ್ಲ ಆ ಒಂದು ಪದದಲ್ಲಿವೆ. ಅದನ್ನು ತೆಗೆದು ಹೆಚ್ಚು ಬಲದ ಕ್ರಿಯಾಪದ ಹುಡುಕಿದರೆ ಸಿಗುವುದಿಲ್ಲ. ನಡಿಗೆಯನ್ನೇ ನೋಡಿ: ಬಿರಬಿರನೆ, ಸರಸರ, ತೂರಾಡುತ್ತ, ಕಾಲೆಳೆಯುತ್ತ. ನಾಲ್ಕಕ್ಕೂ ಕ್ರಿಯಾಪದ ‘ನಡೆ’ ಒಂದೇ.

ಉಳಿಸುವುದೋ ಬೇಡವೋ ಎಂದು ನೋಡಲು ಅದರ ವಿರುದ್ಧ ಪದ ಹಾಕಿ ಓದಿ. ‘ಮೆಲ್ಲಗೆ ಪಿಸುಗುಟ್ಟಿದ’: ಜೋರಾಗಿ ಪಿಸುಗುಟ್ಟಲು ಬರುವುದಿಲ್ಲ, ಹಾಗಾಗಿ ‘ಮೆಲ್ಲಗೆ’ ದಂಡ. ‘ಸಮಾಧಾನವಾಗಿ ಬೈದ’: ಬೈಗುಳ ನಿರೀಕ್ಷಿಸುವುದು ಸಿಟ್ಟನ್ನು. ವಿಶೇಷಣ ಕ್ರಿಯಾಪದಕ್ಕೆ ಎದುರು ನಿಂತಿದೆ, ಪಾತ್ರ ಅಲ್ಲೇ ಹುಟ್ಟುತ್ತದೆ. ಇದನ್ನು ಮುಟ್ಟಬೇಡಿ.

ಕೊಂಬುದೀರ್ಘ:
ಮೇಲಿನದಕ್ಕೆ ಸೇರಿಸುತ್ತೇನೆ. ತೆಗೆದ ಜಾಗಕ್ಕೆ ಏನು ಬರಬೇಕು ಎನ್ನುವುದೂ ಮುಖ್ಯ. ಕನ್ನಡದ ಸಹಾಯಕ ಕ್ರಿಯಾಪದಗಳನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ‘ಅರಿವಿಲ್ಲದೆ ಆತುರವಾಗಿ ಹೇಳಿದ’ ಎನ್ನುವ ಬದಲು ‘ಹೇಳಿಬಿಟ್ಟ’ ಸಾಕು. ಬಾಯಿ ತಪ್ಪಿದ್ದು, ಇನ್ನು ಹಿಂತೆಗೆಯಲಾಗದ್ದು, ಎರಡೂ ‘ಬಿಟ್ಟ’ದಲ್ಲಿದೆ. ‘ಒಂದಿಷ್ಟೂ ಉಳಿಸದೆ ತಿಂದ’ ಎನ್ನುವಲ್ಲಿ ‘ತಿಂದುಹಾಕಿದ’. ‘ತನ್ನಷ್ಟಕ್ಕೆ ಹೇಳಿದ’ ಎನ್ನುವಲ್ಲಿ ‘ಹೇಳಿಕೊಂಡ’.

ನಿಮ್ಮ ಬಾಗಿಲಿನ ವಾಕ್ಯಕ್ಕೆ ಮೈಯ ಕ್ರಿಯೆ ಒಪ್ಪುತ್ತದೆ: ‘ತಿರುಗಿ ನೋಡದೆ ಬಾಗಿಲೆಳೆದುಕೊಂಡ’. ಕೋಪ ಎಂಬ ಪದ ಬೇಕಾಗಲಿಲ್ಲ. ಆದರೆ ‘-ಉತ್ತ’ ಬಳಸುವಾಗ ಎರಡು ಕೆಲಸ ಏಕಕಾಲಕ್ಕೆ ಸಾಧ್ಯವೇ ನೋಡಿ. ‘ಬಾಗಿಲು ತೆರೆಯುತ್ತ ಕುರ್ಚಿಯಲ್ಲಿ ಕೂತ’ ಆಗದ ಮಾತು. ಅಲ್ಲಿ ‘ತೆರೆದು’ ಬರಬೇಕು.

ಜಾಗವೂ ನೋಡಿ. ‘ಅವಳು ಬೇಸರದಿಂದ ಕೂತಿದ್ದ ತಮ್ಮನನ್ನು ಕರೆದಳು’: ಬೇಸರ ಯಾರದು? ಓದುಗ ಹತ್ತಿರದ ‘ಕೂತಿದ್ದ’ಕ್ಕೆ ಗಂಟು ಹಾಕುತ್ತಾನೆ. ಅವಳದಾದರೆ ‘ಕೂತಿದ್ದ ತಮ್ಮನನ್ನು ಬೇಸರದಿಂದ ಕರೆದಳು’ ಎನ್ನಿ.

ಪೂರ್ಣವಿರಾಮ:
ಅಲ್ಪವಿರಾಮ ಅವರ ಮಾತಿಗೆ ಒಂದು ತಕರಾರು. ‘ಗಕ್ಕನೆ’, ‘ದಡದಡ’ ಥರದ ಅನುಕರಣ ಪದಗಳೆಲ್ಲ ಜೀವಂತ ಅಲ್ಲ. ‘ಗಳಗಳನೆ ಅತ್ತಳು’, ‘ಪಕಪಕನೆ ನಕ್ಕ’ ಜೋಡಿಯಾಗಿ ಸವೆದುಹೋಗಿವೆ, ಅವುಗಳ ಸದ್ದು ಈಗ ಯಾರಿಗೂ ಕೇಳಿಸುವುದಿಲ್ಲ. ಒಂದೇ ಪ್ಯಾರಾದಲ್ಲಿ ಮೂರು ಬಂದರೆ ಗಂಭೀರ ದೃಶ್ಯವೂ ಮಕ್ಕಳ ಕಥೆಯ ಲಯಕ್ಕೆ ಜಾರುತ್ತದೆ. ಪ್ಯಾರಾಕ್ಕೆ ಒಂದು ಎಂದುಕೊಂಡು, ಅತಿ ಮುಖ್ಯ ಚಲನೆಗೆ ಮಾತ್ರ ಕೊಡಿ.

‘ಇದ್ದಕ್ಕಿದ್ದಂತೆ’ ಇನ್ನೊಂದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಪದ ಮುಂದೆ ನಿಂತು ‘ಬೆಚ್ಚಲು ಸಿದ್ಧರಾಗಿ’ ಎಂದು ಸಾರುತ್ತದೆ. ಘಟನೆ ಬರುವಷ್ಟರಲ್ಲಿ ಅಚ್ಚರಿ ಮುಗಿದಿರುತ್ತದೆ. ಅದನ್ನು ಅಳಿಸಿ ವಾಕ್ಯ ಚಿಕ್ಕದು ಮಾಡಿ: ‘ದೀಪ ಆರಿತು.’

ಕರಡುಪ್ರತಿ:
ಹಾಗಾದರೆ ‘ಎಂದಳು ಕೋಪದಿಂದ’ ಥರದ ಸಂಭಾಷಣೆಯ ಬಾಲಗಳು?

ಕೊಂಬುದೀರ್ಘ:
ಬಾಲವನ್ನು ಮುಚ್ಚಿಟ್ಟು ಮಾತನ್ನಷ್ಟೇ ಓದಿ. ಕೋಪ ತಿಳಿದರೆ ಬಾಲ ಬೇಡ. ತಿಳಿಯದಿದ್ದರೆ ತಿದ್ದಬೇಕಾದ್ದು ಮಾತನ್ನು. ತಮಾಷೆಗೆ ಆಡಿದ್ದೋ ನಿಜಕ್ಕೆ ಆಡಿದ್ದೋ ಎಂದು ಮಾತಿನಿಂದ ಗೊತ್ತಾಗಲು ಸಾಧ್ಯವೇ ಇಲ್ಲದ ಕಡೆ ಮಾತ್ರ ‘ನಗುತ್ತ’ ಉಳಿಸಿ.