ಅಪ್‌ಡೇಟ್: ಹಳೆ ಜಿಪ್ಸಿಗೆ ಲಿಫ್ಟ್ ಕಿಟ್ ಸದ್ಯಕ್ಕೆ ಬೇಡ

ಸಕಲೇಶಪುರದ ತೋಟದ ದಾರಿಗೆಂದು ಕೊಂಡ ಹಳೆ ಮಾರುತಿ ಜಿಪ್ಸಿಗೆ ಮೊದಲು ಲಿಫ್ಟ್ ಕಿಟ್ಟೋ (ಗಾಡಿಯನ್ನು ಎತ್ತರಿಸುವ ಬಿಡಿಭಾಗಗಳು), ದೊಡ್ಡ ಟೈರೋ ಎಂದು ಕೇಳಿದ್ದೆನಲ್ಲ? ಸದ್ಯಕ್ಕೆ ಎರಡೂ ಇಲ್ಲ. "ಮೊದಲು ಗಾಡಿ ಕೆಳಗೆ ತೂರಿ ನೋಡಿ" ಎಂದವರಿಗೆ ಥ್ಯಾಂಕ್ಸ್.

ಮೆಕ್ಯಾನಿಕ್ ಹಿಂದಿನ ಲೀಫ್ ಸ್ಪ್ರಿಂಗ್ (ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿ) ತುದಿಗೆ ಸರಳು ಕೊಟ್ಟು ಮೀಟಿದರೆ ಪಟ್ಟಿ ಕಟಕಟ ಅಲ್ಲಾಡಿತು. ಪಟ್ಟಿಯ ತುದಿಯಲ್ಲಿ ಕೂರುವ ಬುಶ್‌ನ ರಬ್ಬರ್ ಪುಡಿಪುಡಿಯಾಗಿ ಉದುರಿತು. ಇದರ ಮೇಲೆ ಲಿಫ್ಟ್ ಕೂರಿಸಿದರೆ ಸುಮ್ನೆ ದುಡ್ಡು ದಂಡ ಅಲ್ವಾ? ಬುಶ್, ಬ್ರೇಕ್ ಹೋಸ್, ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರ್) ಆಯಿಲ್ ಬದಲಾಯಿಸಿದೆ.

ಟೈರ್ ಹಳೆ ಅಳತೆಯದ್ದೇ, ಆದರೆ ಆಲ್ ಟೆರೇನ್, ಅಂದರೆ ಡಾಂಬರು, ಮಣ್ಣು ಎರಡಕ್ಕೂ ಆಗುವಂಥದ್ದು. ದೊಡ್ಡದು ಹಾಕಿದರೆ 1.3 ಲೀಟರ್ ಇಂಜಿನ್‌ಗೆ ಏರಿನಲ್ಲಿ ಭಾರ ಜಾಸ್ತಿ. ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಇನ್ನು ಬೇಕಿರುವುದು ಮುಂದೆ-ಹಿಂದೆ ಗಟ್ಟಿ ಎಳೆಯುವ ಕೊಕ್ಕೆ. ಮಳೆಗಾಲಕ್ಕೆ ಮುಂಚೆ ಹಾಕಿಸುತ್ತೇನೆ.